ಮಣ್ಣು ಕಳಿಸಬೇಡ ಅವ್ವ

ರೈಲ್ವೆ ಕ್ವಾರ್ಟರ್ಸ್, ವಾಡಿ
೧೪–೯–೧೯೭೪

ಅವ್ವನಿಗೆ ಅಮೃತಮ್ಮ ದೂರದಿಂದಲೇ ಕಾಲು ಮುಟ್ಟಿ ಬರೆಯುವುದು.

ತಂಗಿ ಗುಂಡಮ್ಮಾ, ಇದನ್ನು ನೀನೇ ಅವ್ವನಿಗೆ ಓದಿ ಹೇಳು. ಮಾಸ್ತರರ ಕೈಗೆ ಕೊಡಬೇಡ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನ್ನ ಅಕ್ಷರ ನೋಡಿ ಅವರು ನಗುತ್ತಾರೆ. ಇದು ಹೆಂಗಸರ ಮಾತೂ ಹೌದು.

ಅವ್ವ, ಸಾಯಬಣ್ಣ ಮಾಮನ ಕೈಯಲ್ಲಿ ನೀನು ಕೊಟ್ಟ ಗಂಟು ತಲುಪಿತು. ಮೇಲೆ ಶೇಂಗಾ, ಕೆಳಗೆ ನೀನು ಹೆಂಚಿನ ಮೇಲೆ ಹುರಿದ ಚಂದ್ರಂಪಳ್ಳಿ ದಂಡೆಯ ಬಿಳಿ ಮಣ್ಣಿನ ಹೆಂಟೆ. ಇನ್ನು ಮುಂದೆ ಮಣ್ಣು ಕಳಿಸಬೇಡ. ಇದನ್ನು ಹೇಳಲಿಕ್ಕೇ ಕಾಗದ ಬರೆದೆ. ಉಳಿದದ್ದು ಹೇಗೆ ಬರೆಯಬೇಕೋ ತಿಳಿಯದು.

ನನಗೆ ಈಗ ಐದು ತಿಂಗಳು. ಹೋದ ಸೋಮವಾರ ನರ್ಸ್ ಅಖ್ತರ ಬೇಗಂ ಬಂದಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿದರು. ಏನು ತಿನ್ನುತ್ತೀ ಎಂದರು. ರೊಟ್ಟಿ ಎಂದೆ. ಮತ್ತೆ ಎಂದರು. ಪಲ್ಯ ಎಂದೆ. ಅವರು ನನ್ನ ಹಲ್ಲು ನೋಡುತ್ತಲೇ ಇದ್ದರು. "ಮಣ್ಣ್ ತಿಂತಿ ಹೌದಿಲ್ಲೋ? ಹೊಟ್ಟ್ಯಾಗ ಕುಂಬಾರ್ರಂಗ ಗಡಗಿ ಮಾಡಾಕತ್ತಿ ಏನವಾ?" ಎಂದರು. ಅತ್ತೆ ನಕ್ಕರು. ನನಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಆದರೆ ಹೆರಿಗೆಯಲ್ಲಿ ನೀನು ಉಳಿಯುವುದೂ ಕಷ್ಟ, ಕೂಸು ಉಳಿಯುವುದೂ ಕಷ್ಟ ಎಂದರು ನರ್ಸಮ್ಮ. ಪಕ್ಕದ ಮನೆಯವರ ಸುದ್ದಿ ಕೇಳಿದಂತೆ ಕೇಳಿದೆ.

ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ನೀನು ಹೇಳುತ್ತೀ. ಅಕ್ಕರೆಯಿಂದಲೇ ಕಳಿಸಿದ್ದೀ. ಮೊದಲನೆಯ ಬಸಿರಿನಲ್ಲೂ ಹಾಗೇ ಕಳಿಸಿದ್ದೆ. ಟ್ರಂಕಿನಲ್ಲಿ ಬಚ್ಚಿಟ್ಟು, ರೊಟ್ಟಿ ಬಿಟ್ಟು ಅದನ್ನೇ ತಿಂದೆ. ಆ ಕೂಸಿನ ಕಿವಿ ಚೆನ್ನಾಗಿಯೇ ಇತ್ತು. ಎರಡು ದಿನ ಬದುಕಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ ಎಂದು ನರ್ಸಮ್ಮನನ್ನು ಕೇಳಿದೆ. ಅವರು ಕೈ ತೊಳೆಯುತ್ತಲೇ ಇದ್ದರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇರಬೇಕಿತ್ತೇನೋ.

ಈಗ ನನ್ನ ಕೈ ಎತ್ತ ಹೋಗುತ್ತದೆ ಎಂದು ನೋಡುತ್ತಿರುತ್ತೇನೆ. ಎಲ್ಲರದೂ ಆದ ಮೇಲೆ ತಣ್ಣಗಿನ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದು ಬಿಟ್ಟೆ. ಮೊದಲ ರೊಟ್ಟಿ ಹೆಂಚಿನಿಂದ ಇಳಿದೊಡನೆ ಪುಂಡಿಪಲ್ಯ ಹಚ್ಚಿಕೊಂಡು ಒಲೆಯ ಮುಂದೆಯೇ ಉಣ್ಣುತ್ತೇನೆ. ಮೊದಲ ದಿನ ಅತ್ತೆ, "ಗಂಡಗಿಂತ ಮೊದ್ಲ ಉಣ್ಣಾಕತ್ತಾಳ ನೋಡ್ರಿ ರಾಣಿ" ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿದರು. ನಿನ್ನ ಅಳಿಯ ಒಂದು ಉಳ್ಳಾಗಡ್ಡಿ ಗುದ್ದಿ ನನ್ನ ತಾಟಿಗೆ ಹಾಕಿದರು. ರುಚಿ ತಿಳಿಯುವುದಿಲ್ಲ. ಅಗಿದು ನುಂಗುತ್ತೇನೆ.

ನೀನು ಕಳಿಸಿದ್ದನ್ನು ಬಿಸಾಡಲಾಗಲಿಲ್ಲ. ನೀರಲ್ಲಿ ನೆನೆಸಿ ಒಲೆ ಸಾರಿಸಿದೆ. "ಒಲಿ ಭಾಳ ಛಂದ ಆಗ್ಯಾದ" ಎಂದು ಅತ್ತೆ ಹೊಗಳಿದರು. ಸಾರಿಸುವಾಗ ಒಮ್ಮೆ ಬೆರಳು ನೆಕ್ಕಿದೆ, ಸುಳ್ಳು ಬರೆಯುವುದಿಲ್ಲ. ಆಮೇಲೆ ಬಾಯಿ ತೊಳೆದೆ. ಕುಬಸದ ಉಡಿ ತುಂಬಲು ಬರುವಾಗ ಬರೀ ಶೇಂಗಾ, ಬೆಲ್ಲ ತಾ. ಕೂಸು ಒದೆಯುತ್ತದೆ. ನನಗಾಗುವುದು ಖುಷಿಯೋ ಹೆದರಿಕೆಯೋ ಇನ್ನೂ ಗೊತ್ತಾಗುತ್ತಿಲ್ಲ.

ನಿನ್ನ ಮಾತು ಮೀರಿದ ಮಗಳು,
ಅಮೃತಮ್ಮ

ಮರೆತ ಮಾತು: ಗುಂಡಮ್ಮಾ, ಇಲ್ಲಿಂದ ಮುಂದೆ ಅವ್ವನಿಗೆ ಓದಬೇಡ. ಪಂಚಮಿಗೆ ತವರಿಗೆ ಬಂದಾಗ ಬಚ್ಚಲ ಹಿಂದಿನ ಮಣ್ಣಿನ ಗೋಡೆ ನೋಡಿದೆ. ಮದುವೆಗೆ ಮುಂಚೆ ನಾನು ಉಗುರಿನಿಂದ ಕೆರೆದು ತಿನ್ನುತ್ತಿದ್ದ ಕುಳಿ ಒಂದು ಮುಷ್ಟಿಯಷ್ಟಿತ್ತು. ಈಗ ತಲೆ ಹಿಡಿಸುವಷ್ಟಾಗಿದೆ. ನಾನು ಆ ಮನೆ ಬಿಟ್ಟು ನಾಲ್ಕು ವರ್ಷವಾಯಿತು. ಇಲಿ ಕೊರೆದದ್ದು ಎಂದಳು ಅವ್ವ. ನಾನೂ ಹೌದೆಂದೆ. ಯಾರು ಕೆರೆದದ್ದೆಂದು ಕೇಳುವುದಿಲ್ಲ. ಅಖ್ತರ ಬೇಗಂ ಪ್ರತಿ ಸೋಮವಾರ ಬರುತ್ತಾರೆ. ನಿನ್ನ ನಿಶ್ಚಯಕ್ಕೆ ಮೊದಲೇ ಒಂದು ಸೋಮವಾರ ಇಲ್ಲಿಗೆ ಬಾ.