ಕಪ್ಪಾಗಿಯೇ ಉಳಿದ ಎರಡು ಇಂಚು

ಸಯನ್, ಮುಂಬಯಿ
೧೪-೨-೧೯೭೬

ಚಿ.ಸೌ. ಕಾಶವ್ವಗೆ ಬಸವಂತರಾಯನ ಆಶೀರ್ವಾದ.

ನೀನು, ಬಾಣಂತಿ ಮಗಳು, ಮೊಮ್ಮಗ ಎಲ್ಲರೂ ಆರಾಮವೇ? ಕೂಸು ನನ್ನ ಮೂಗು ಹೊತ್ತು ಬಂದಿದೆಯಂತೆ, ಪಾಪ. ಇದನ್ನು ಓದಿ ಹೇಳುವ ನಿನ್ನ ತಮ್ಮ ಸಂಗಪ್ಪ ನನ್ನ ಅಕ್ಷರ ನೋಡಿ ನಗದಿರಲಿ.

ಇನ್ನು ನಮ್ಮ ಇಂದ್ರಾಳ ಸುದ್ದಿ. ಪೋಲಿಯೋದಿಂದ ಗಿಡ್ಡಾಗಿದ್ದ ಕಾಲು ಈಗ ಇನ್ನೊಂದಕ್ಕೆ ಸಮ ಬಂದಿದೆ. ಎಲುಬು ಕತ್ತರಿಸಿ, ಹೊರಗೆ ಕೂರಿಸಿದ ಸರಳಿನ ತಿರುಪನ್ನು ದಿನಾ ಸ್ವಲ್ಪ ತಿರುವಿ ಎರಡು ಇಂಚು ಎಳೆದರಲ್ಲ, ಆ ಖಾಲಿ ಜಾಗದಲ್ಲಿ ಹೊಸ ಎಲುಬು ಬೆಳೆಯಬೇಕು. ಎರಡು ವಾರಕ್ಕೊಮ್ಮೆ ಎಕ್ಸ್‌ರೇ ತೆಗೆದು, ಹಳೆಯವು ಹೊಸದು ಎಲ್ಲ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಾಲಾಗಿ ಸಿಕ್ಕಿಸಿ ಡಾಕ್ಟರು ನೋಡುತ್ತಾರೆ. ಬಿಳಿ ಇದ್ದರೆ ಎಲುಬು, ಕಪ್ಪಿದ್ದರೆ ಏನೂ ಇಲ್ಲ. ಹಿಂಜಿದ ಹತ್ತಿಯಂಥ ಬಿಳುಪು ಕಾಣಬೇಕಂತೆ. ನನಗೆ ಒಮ್ಮೆ ಕಂಡಂತೆ, ಒಮ್ಮೆ ಕಾಣದಂತೆ. ಡಾಕ್ಟರಿಗೆ ಮಾತ್ರ ಕಾಣಲೇ ಇಲ್ಲ.

ಸೋಮವಾರ ಅವರು ಇಂದ್ರಾಳನ್ನು ಕೇಳಿದರು, "ರೋಜ್ ಚಲ್ತೀ ಹೈ ಕ್ಯಾ?" ದಿನಾ ನಡೆಯುತ್ತೀಯೇನು ಅಂತ. ಅವಳು ನನ್ನ ಮುಖ ನೋಡಿದಳು. ಕಂಕುಳಿಗೆ ಕುಬಡಿ ಕೊಟ್ಟುಕೊಂಡು ಆ ಕಾಲಿನ ಮೇಲೆ ದಿನಾ ಭಾರ ಬಿಡಬೇಕೆಂದು ಅವರು ಮೊದಲೇ ಹೇಳಿದ್ದರು. ಬಿಡಗೊಡದವನು ನಾನೇ. ಸ್ಲಾಬ್ ಹಾಕಿದರೆ ಇಪ್ಪತ್ತೊಂದು ದಿನ ಅದರ ಮೇಲೆ ಒಂದು ಇಟ್ಟಿಗೆ ಇಡಗೊಡದ ಸೆಂಟ್ರಿಂಗ್ ಮಿಸ್ತ್ರಿ ನಾನು, ಹಸಿ ಎಲುಬಿನ ಮೇಲೆ ಮಗಳನ್ನು ನಿಲ್ಲಿಸಲೇ? ಆರು ವಾರ ನೆಲಕ್ಕೆ ಪಾದ ತಾಗದಂತೆ ಕಾದೆ. ಭಾರ ಬಿದ್ದರೇ ಎಲುಬು ಗಟ್ಟಿಯಾಗುತ್ತದೆ ಎನ್ನುತ್ತಾರೆ ಡಾಕ್ಟರು. ಊರಲ್ಲಿ ಎಲುಬು ಮುರಿದರೆ ಬಿದಿರು ಪಟ್ಟಿ ಕಟ್ಟಿ ಮಲಗಿಸುವುದನ್ನಷ್ಟೇ ಕಂಡವರು ನಾವು. ಯಾವುದು ಖರೆ, ಯಾವುದು ಸುಳ್ಳು, ನನ್ನ ತಲೆಗೆ ಒಂದೂ ಹತ್ತುತ್ತಿಲ್ಲ ಕಾಶವ್ವಾ. ೨೩ನೇ ತಾರೀಖಿನ ಫಿಲ್ಮಿನಲ್ಲೂ ಕಪ್ಪೇ ಇದ್ದರೆ ಸೊಂಟದ ಎಲುಬು ಕೆತ್ತಿ ಅಲ್ಲಿ ತುಂಬುತ್ತಾರಂತೆ. ಮತ್ತೆ ಆಪರೇಷನ್ ಅಂದರೆ ಹುಡುಗಿ ಈಗಲೇ ನಡುಗುತ್ತಾಳೆ. ನನ್ನ ತಪ್ಪಿಗೆ ಅವಳ ಸೊಂಟ ಕೊಯ್ಯಬೇಕೇ?

ಬಾಣಂತಿಯನ್ನು ಗಾಳಿಗೆ ಬಿಡಬೇಡ. ಹಿರಿಯರಿಗೆ ನಮಸ್ಕಾರ, ಕೂಸಿಗೆ ಅಜ್ಜನ ಮುತ್ತು.

ಇಂತು,
ಬಸವಂತರಾಯ

ತಾ.ಕ.: ಸಂಗಪ್ಪಾ, ಇಷ್ಟನ್ನು ನಿನ್ನ ಅಕ್ಕನೊಬ್ಬಳಿಗೇ ಓದು. ಕಾಶವ್ವಾ, ತೊಟ್ಟಿಲ ಕಾರ್ಯಕ್ಕೆ ಕಾಯದೆ ಸಿಕ್ಕ ಗಾಡಿ ಹತ್ತಿ ಬಾ. ಮಂಗಳವಾರದಿಂದ ಅವಳನ್ನು ನಡೆಸಲು ನಿಂತಿದ್ದೇನೆ. "ಅಪ್ಪಾ, ತ್ರಾಸ ಆಗ್ತದ, ಆದ್ರೂ ನಡೀತೀನಿ" ಅನ್ನುತ್ತಾಳೆ. "ಸಾಕು, ಕೂಡವ್ವಾ" ಅನ್ನುವವನು ನಾನೇ.