ಚಿಮಣಿಯ ನೀರಿನ ಕೊಡೆಯನ್ನು ಕಳಚಿ ಎಂದವರಿಗೆ

ಹೊಗೆ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಹಿಂದಿರುವ ಎರಕದ ಕಾರ್ಖಾನೆಯ ಚಿಮಣಿ ಹತ್ತೊಂಬತ್ತು ವರ್ಷ ಮಸಿಯನ್ನೂ ಕಿಡಿಯನ್ನೂ ಉಗುಳಿತು. ಆಗ ತಮ್ಮ ಕಚೇರಿಯಿಂದ ಒಂದು ತುಂಡು ಕಾಗದವೂ ಬರಲಿಲ್ಲ. ಏಳು ತಿಂಗಳಿಂದ ಅದು ಉಗುಳುವುದನ್ನು ನಿಲ್ಲಿಸಿದೆ. ಈಗ ನೋಟೀಸು ಬಂದಿದೆ. ಚಿಮಣಿಯ ತುದಿಗೆ ಕೂರಿಸಿರುವ ನೀರಿನ ಕೊಡೆಯನ್ನು ಹದಿನೈದು ದಿನದೊಳಗೆ ಕಳಚತಕ್ಕದ್ದು, ತಪ್ಪಿದಲ್ಲಿ ಕಾರ್ಖಾನೆಗೆ ಬೀಗ ಹಾಕಲಾಗುವುದು ಎಂದು ಅದರಲ್ಲಿದೆ. ಹದಿನೈದನೆಯ ದಿನ ಬರುವ ಬುಧವಾರ. ಅದರ ಮಾರನೆಯ ದಿನ, ಗುರುವಾರ, ಕುಲುಮೆ ಹೊತ್ತಿಸುತ್ತಾರೆ. ಚಿಮಣಿಯಿಂದ ಇಪ್ಪತ್ತು ಹೆಜ್ಜೆಯಲ್ಲಿ ನನ್ನ ಮನೆ ಇದೆ, ಮನೆಯ ತುಂಬ ಹತ್ತಿ ಇದೆ. ಆದ್ದರಿಂದ ಈ ಪತ್ರ.

ನಾನು ಹಾಸಿಗೆ ದಿಂಬು ಹೊಲಿಯುವವಳು. ಮದುವೆಯಾಗಿ ಬಂದಾಗ ಅತ್ತೆ ಹೊಲಿಯುತ್ತಿದ್ದರು, ನಾನು ನೂಲು ಪೋಣಿಸಿ ಕೊಡುತ್ತಿದ್ದೆ. ಕೆಳಗೆ ಅಡುಗೆಮನೆ, ಮಲಗುವ ಕೋಣೆ. ಮಹಡಿಯಲ್ಲಿ ಉದ್ದನೆಯ ಒಂದೇ ಕೋಣೆ, ಅಲ್ಲಿ ಹತ್ತಿಯ ಮೂಟೆಗಳು, ಬಿಡಿಸಿಟ್ಟ ಅರಳೆಯ ರಾಶಿ. ಕಿಟಕಿ ಮುಚ್ಚಿದರೆ ಹತ್ತಿಯ ಎಳೆ ಗಂಟಲಿಗೆ ಹೋಗಿ ಕೆಮ್ಮು, ತೆರೆದರೆ ಎದುರಿಗೇ ಚಿಮಣಿ. ಹತ್ತಿಯ ಪಕ್ಕದಲ್ಲಿ ಕುಲುಮೆ ಇರಬಾರದೆಂಬಷ್ಟು ಬುದ್ಧಿ ಯಾರಿಗೂ ಇರಲಿಲ್ಲವೇ ಎಂದು ತಾವು ಕೇಳಬಹುದು. ಹತ್ತಿ ಮೊದಲು ಬಂದಿತ್ತು. ಕುಲುಮೆಗೆ ಪರವಾನಗಿ ಕೊಟ್ಟದ್ದು ತಮ್ಮ ಕಚೇರಿ.

ಆ ಕಾರ್ಖಾನೆಯಲ್ಲಿ ದಿನವೂ ಬೆಂಕಿ ಇರುವುದಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು, ಏಕೆಂದರೆ ಇಷ್ಟು ವರ್ಷ ಯಾರೂ ಗಮನಿಸಿಲ್ಲ. ವಾರವೆಲ್ಲ ಮರಳಿನಲ್ಲಿ ಅಚ್ಚು ಕಟ್ಟುತ್ತಾರೆ. ಗುರುವಾರ ಒಂದು ದಿನ ಮಾತ್ರ ಕುಲುಮೆ ಹೊತ್ತಿಸಿ, ಕಬ್ಬಿಣ ಕರಗಿಸಿ, ಎಲ್ಲ ಅಚ್ಚಿಗೂ ಹೊಯ್ಯುತ್ತಾರೆ. ಮಧ್ಯಾಹ್ನ ಎರಡಕ್ಕೆ ಗಾಳಿಯೂದುವ ಯಂತ್ರ ಶುರುವಾದರೆ ಸಂಜೆ ಆರರವರೆಗೂ ಚಿಮಣಿಯಿಂದ ಕಿಡಿ ಹಾರುತ್ತಿತ್ತು. ಹೀಗಾಗಿ ನಮ್ಮ ಬೀದಿಯಲ್ಲಿ ಒಂದು ರೂಢಿ ಬೆಳೆಯಿತು. ಗುರುವಾರ ಮಧ್ಯಾಹ್ನ ಪ್ರತಿ ಮನೆಯಿಂದ ಒಬ್ಬರು ತಾರಸಿ ಹತ್ತಿ, ಬಕೆಟ್ಟು ನೀರು ಮತ್ತು ನೆನೆಸಿದ ಗೋಣಿಚೀಲ ಇಟ್ಟುಕೊಂಡು ಕೂರುವುದು. ಕಿಡಿ ಬಿದ್ದಲ್ಲಿ ಬಡಿಯುವುದು. ಇದಕ್ಕೆ ಕಿಡಿಕಾವಲು ಎಂದು ಹೆಸರು. ಮೂರನೆಯ ಮನೆಯ ನಿವೃತ್ತ ಮೇಷ್ಟ್ರು ಕಾವಲಿಗೆ ಕೊಡೆ ಹಿಡಿದು ಕೂತು ಪತ್ರಿಕೆ ಓದುತ್ತಿದ್ದರು. ಕಿಡಿ ಬಿದ್ದು ಕೊಡೆಯಲ್ಲಿ ತೂತು ಹೆಚ್ಚಾದಷ್ಟೂ ಓದಲು ಬೆಳಕು ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು. ಇಂಥ ಅನುಕೂಲ ತಮ್ಮ ವಾರ್ಷಿಕ ವರದಿಯಲ್ಲಿ ಸೇರಿಲ್ಲದಿದ್ದರೆ ಸೇರಿಸಿಕೊಳ್ಳಬಹುದು.

ನಮ್ಮ ಮನೆಯ ಕಾವಲು ಅತ್ತೆಯದು. ಎರಡು ವರ್ಷದ ಹಿಂದೆ ಒಂದು ಗುರುವಾರ ಅವರು ಮೇಲೆ ಕೂತಿದ್ದರು, ನಾನು ಕೆಳಗೆ ಗಿರಾಕಿಯೊಬ್ಬರಿಗೆ ದಿಂಬು ತೋರಿಸುತ್ತಿದ್ದೆ. ಒಂದು ಕಿಡಿ ತಾರಸಿಗೆ ಬೀಳದೆ ಕಿಟಕಿಯಿಂದ ಒಳಗೆ ಹೋಗಿ ಅರಳೆಯ ಮೇಲೆ ಕೂತಿತು. ಹತ್ತಿ ಒಮ್ಮೆಗೇ ಉರಿಯುವುದಿಲ್ಲ ಮಾನ್ಯರೇ, ಒಳಗೊಳಗೇ ತಿನ್ನುತ್ತ ಹೋಗುತ್ತದೆ. ವಾಸನೆ ಹಿಡಿದು ಇಳಿದು ಬಂದ ಅತ್ತೆ ಹೊಗೆಯಾಡುತ್ತಿದ್ದ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡು ಕಿಟಕಿಯಿಂದಾಚೆ ಎಸೆದರು. ಎಸೆಯುವಾಗ ಗಾಳಿ ತಾಗಿ ಅದು ಭಗ್ಗನೆ ಹೊತ್ತಿಕೊಂಡಿತು. ಎರಡು ಅಂಗೈಯೂ ಸುಟ್ಟವು. ಆಸ್ಪತ್ರೆಯಲ್ಲಿ ನಾನು, "ಬಕೆಟ್ಟು ತಾರಸಿ ಮೇಲೇ ಇತ್ತಲ್ಲ ಅತ್ತೆ, ತಂದು ನೀರು ಹಾಕಬಾರದಿತ್ತಾ?" ಎಂದೆ. "ನೀರು ಹಾಕಿದ್ರೆ ಮಿಕ್ಕಿದ ಹತ್ತಿ ಹಾಳಾಗಲ್ವೇನೇ?" ಎಂದರು. ಮನೆ ಉಳಿಯಿತು, ಮಿಕ್ಕಿದ ಹತ್ತಿಯೂ ಉಳಿಯಿತು. ಅವರ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ, ಸೂಜಿ ನಿಲ್ಲುವುದಿಲ್ಲ.

ಆ ದಿನ ಕುಲುಮೆ ಹೊತ್ತಿಸಿದ್ದು ನನ್ನ ಒಡಹುಟ್ಟಿದ ಅಣ್ಣ. ಅವನು ಅಲ್ಲಿಯ ಕುಲುಮೆ ಮೇಸ್ತ್ರಿ. ಅತ್ತೆಯ ಕೈ ನೋಡಲು ಬಂದವನು ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. "ನೀನೇನು ಕಿಡಿಗೆ ದಾರಿ ತೋರಿಸಿ ಕಳಿಸಿದ್ಯಾ? ಬಾ ಒಳಗೆ," ಎಂದು ಅತ್ತೆಯೇ ಕರೆದರು. ಬಂದು ಕೂತ, ನೀರು ಕೊಟ್ಟರೆ ಕುಡಿಯಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನ ತಲೆಯಲ್ಲಿ ಇದ್ದದ್ದು ಇದೊಂದೇ. ದಾರಿ ಹೊಳೆದದ್ದು ಮೇಷ್ಟ್ರ ಮಾತಿನಿಂದ. "ನಾನು ಕೊಡೆ ಹಿಡಿದಿದ್ದು ತಪ್ಪು ಜಾಗಕ್ಕಪ್ಪ, ಚಿಮಣಿಗೆ ಹಿಡೀಬೇಕಿತ್ತು," ಎಂದು ಅವರು ತಮಾಷೆಗೆ ಅಂದಿದ್ದರು. ಅಣ್ಣನಿಗೆ ತಮಾಷೆ ಅರ್ಥವಾಗುವುದಿಲ್ಲ. ತಗಡಿನ ಕೆಲಸದವನನ್ನು ಕರೆದುಕೊಂಡು ಬಂದು ಅಳತೆ ತೆಗೆದ.

ಹೀಗೆ ತಯಾರಾದ ನೀರಿನ ಕೊಡೆ ಕೆಲಸ ಮಾಡುವ ಬಗೆ ಸರಳ. ಚಿಮಣಿಯ ಬಾಯಿಯ ಮೇಲೆ ತಗಡಿನ ಅಗಲವಾದ ಕೊಡೆ. ಅದರ ನೆತ್ತಿಗೆ ಪಂಪಿನಿಂದ ನೀರು. ನೀರು ಅಂಚಿನಿಂದ ಸುತ್ತಲೂ ಪರದೆಯ ಹಾಗೆ ಇಳಿಯುತ್ತದೆ. ಹೊಗೆ ಆಚೆ ಹೋಗಬೇಕಾದರೆ ಆ ಪರದೆಯನ್ನು ದಾಟಲೇಬೇಕು. ದಾಟುವಾಗ ಕಿಡಿ ಆರುತ್ತದೆ, ಮಸಿ ನೀರಿನೊಂದಿಗೆ ಕೊಳವೆಯಲ್ಲಿಳಿದು ಕೆಳಗಿನ ತೊಟ್ಟಿಗೆ ಬರುತ್ತದೆ. ಮೊದಲ ಸಲ ಅಣ್ಣ ಕೊಡೆಯನ್ನು ತೀರ ತಗ್ಗಿಸಿ ಕೂರಿಸಿದ್ದ. ಹೊಗೆಗೆ ದಾರಿ ಸಾಲದೆ ಬೆಂಕಿಗೆ ಉಸಿರು ಕಟ್ಟಿತು, ಅರ್ಧ ಕರಗಿದ ಕಬ್ಬಿಣ ಕುಲುಮೆಯೊಳಗೇ ಹೆಪ್ಪುಗಟ್ಟಿತು. ಅದನ್ನು ಉಳಿ ಹಿಡಿದು ಕಡಿದು ತೆಗೆಯಲು ನಾಲ್ವರಿಗೆ ಎರಡು ದಿನ ಬೇಕಾಯಿತು. "ಇನ್ನೊಂದು ಸಲ ಹೀಗಾದ್ರೆ ಕೊಡೆ ಜೊತೆ ನೀನೂ ಇಳೀತೀಯ," ಎಂದರು ಮಾಲೀಕರು. ಅಣ್ಣ ಕೊಡೆಯನ್ನು ಒಂದೂವರೆ ಗೇಣು ಎತ್ತರಿಸಿದ. ಮುಂದಿನ ಗುರುವಾರ ಬೆಂಕಿ ಚೆನ್ನಾಗಿ ಉರಿಯಿತು, ಆಕಾಶಕ್ಕೆ ಹೋದದ್ದು ಬೂದು ಬಣ್ಣದ ಆವಿ ಮಾತ್ರ.

ಅತ್ತೆಗೆ ನಂಬಿಕೆ ಬರಲಿಲ್ಲ. ಗೋಣಿಚೀಲ ಹಿಡಿದು ಐದು ಗಂಟೆಯವರೆಗೆ ಕೂತಿದ್ದು ಕೊನೆಗೆ ತಾರಸಿಯ ಅಂಚಿನಿಂದ ಕೂಗಿದರು: "ಏನಪ್ಪಾ, ಇವತ್ತು ಬೆಂಕಿನೇ ಹಾಕಿಲ್ವಾ?"

"ಹಾಕಿದೀನಮ್ಮ, ಹೊಯ್ತಾ ಇದೀವಿ."

"ಸುಳ್ಳು ಹೇಳ್ಬೇಡ."

ಆಮೇಲೂ ನಾಲ್ಕು ಗುರುವಾರ ಮೇಲೆ ಹೋಗಿ ಕೂತರು. ಐದನೆಯ ಗುರುವಾರ ಊಟ ಮಾಡಿ, ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ಅವರು ಗುರುವಾರ ಮಧ್ಯಾಹ್ನ ಮಲಗಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಮುಂದಿನದನ್ನು ಹಾಳು ಮಾಡಿದವಳು ನಾನು. ಖುಷಿಯಲ್ಲಿ ತಮಗೆ ಒಂದು ಪತ್ರ ಬರೆದೆ. ನಮ್ಮ ಚಿಮಣಿಯ ಮಸಿ ನಿಂತಿದೆ, ಊರಿನ ಉಳಿದ ಚಿಮಣಿಗಳಿಗೂ ಹೀಗೆ ಮಾಡಿಸಬಹುದು ಎಂದು ವಿವರಿಸಿದೆ. ಪುರಾವೆ ಇರಲಿ ಎಂದು ಒಂದು ಬಿಸ್ಕತ್ತಿನ ಡಬ್ಬದ ತುಂಬ ಒಣಗಿದ ಮಸಿ ಕಳಿಸಿದೆ, 'ಒಂದು ಗುರುವಾರಕ್ಕೆ ಇಂಥದ್ದು ಎರಡು ಬುಟ್ಟಿ' ಎಂದು ಚೀಟಿ ಅಂಟಿಸಿ. ಅಣ್ಣ ಬೇಡವೆಂದಿದ್ದ. "ಸುಮ್ನಿರೇ. ಕಚೇರಿಗೆ ಒಳ್ಳೇ ಸುದ್ದಿ ಕೊಟ್ಟು ನಮಗೂ ಅಭ್ಯಾಸ ಇಲ್ಲ, ತಗೊಂಡು ಅವರಿಗೂ ಅಭ್ಯಾಸ ಇಲ್ಲ," ಎಂದಿದ್ದ. ನಾನು ಕೇಳಲಿಲ್ಲ.

ತಮ್ಮ ತಪಾಸಣಾಧಿಕಾರಿಗಳು ಬಂದರು, ಎಂದಿನಂತೆ ಮಂಗಳವಾರ. ಪ್ರತಿ ವರ್ಷವೂ ಅವರು ಬರುವುದು ಮಂಗಳವಾರವೇ. ತಣ್ಣಗಿದ್ದ ಕುಲುಮೆಯನ್ನು ನೋಡಿ 'ಮಸಿ: ಇಲ್ಲ, ಕಿಡಿ: ಇಲ್ಲ' ಎಂದು ಬರೆದುಕೊಂಡು ಹೋಗುತ್ತಿದ್ದರು. ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈ ಸಲ ತೊಟ್ಟಿಯೊಳಗೆ ಕೋಲು ಇಳಿಸಿದರು. ಕೋಲು ಕಪ್ಪಾಗಿ ಬಂತು.

"ಏನಿದು?"

"ಮಸಿ ಸಾರ್," ಎಂದ ಅಣ್ಣ.

"ಹೋದ ವರ್ಷ ಇರಲಿಲ್ಲವಲ್ಲ?"

"ಇತ್ತು ಸಾರ್. ಜನರ ಮೇಲಿತ್ತು."

"ನಾನು ಕೇಳ್ತಿರೋದು ಆವರಣದ ಒಳಗೆ ಇತ್ತಾ ಅಂತ."

"ಒಳಗೆ ಇರಲಿಲ್ಲ ಸಾರ್."

"ಅಂದ್ರೆ ಹೊಸದಾಗಿ ಉತ್ಪತ್ತಿ ಆಗ್ತಿದೆ," ಎಂದು ಬರೆದುಕೊಂಡರು.

ನೋಟೀಸಿನಲ್ಲಿ ಮೂರು ಆಕ್ಷೇಪಣೆಗಳಿವೆ. ಮಂಜೂರಾದ ನಕ್ಷೆಯಲ್ಲಿ ಚಿಮಣಿಗೆ ಕೊಡೆ ಇಲ್ಲ ಎಂಬುದು ಮೊದಲನೆಯದು. ನಿಜ, ಇಲ್ಲ. ನಕ್ಷೆಯಲ್ಲಿ ಕಿಡಿಯೂ ಇಲ್ಲ, ನನ್ನ ಅತ್ತೆಯ ಅಂಗೈಯೂ ಇಲ್ಲ. ಅವೆಲ್ಲ ನಕ್ಷೆಯ ಹೊರಗೇ ನಡೆದವು. ಅನುಮತಿಯಿಲ್ಲದೆ ಮಸಿ ಸಂಗ್ರಹಿಸಲಾಗಿದೆ ಎಂಬುದು ಎರಡನೆಯದು, ಇದಕ್ಕೆ ಸಾಕ್ಷ್ಯವಾಗಿ 'ಡಬ್ಬ ಒಂದು' ಎಂದು ನಮೂದಾಗಿದೆ. ಗಾಳಿಯಲ್ಲಿ ಹಾರಾಡುವಾಗ ಆ ಮಸಿ ಯಾರದೂ ಆಗಿರಲಿಲ್ಲ. ನಮ್ಮ ಮೂಗು, ಬಟ್ಟೆ, ಕುಡಿಯುವ ನೀರು ಇವುಗಳಲ್ಲಿ ಅದನ್ನು ಹತ್ತೊಂಬತ್ತು ವರ್ಷ ಸಂಗ್ರಹಿಸಿದೆವಲ್ಲ, ಅದಕ್ಕೂ ಅನುಮತಿ ಪಡೆಯಬೇಕಿತ್ತೇ? ಮೂರನೆಯದು ಕಪ್ಪು ನೀರು. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆ ನೀರು ಚರಂಡಿಗೆ ಹೋದರೆ ತಪ್ಪು. ಆದರೆ ಅದು ಹೋಗುತ್ತಿಲ್ಲ, ಎರಡನೆಯ ತೊಟ್ಟಿಯಲ್ಲಿ ತಿಳಿಯಾಗಿ ಮತ್ತೆ ಚಿಮಣಿಯ ನೆತ್ತಿಗೇ ಏರುತ್ತದೆ. ತಪಾಸಣಾಧಿಕಾರಿಗಳು ಎರಡನೆಯ ತೊಟ್ಟಿಯವರೆಗೆ ನಡೆಯಲಿಲ್ಲ. ನೆಲ ಕೆಸರಾಗಿತ್ತು, ಅವರ ಬೂಟು ಹೊಸದಾಗಿತ್ತು.

ಕಳೆದ ಸೋಮವಾರ ನಾನೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರೊಬ್ಬರು ಕುರ್ಚಿ ಕೊಟ್ಟು ಕೂರಿಸಿ, ಪಾಪ, ಸಮಾಧಾನವಾಗಿಯೇ ಮಾತಾಡಿದರು.

"ಅಮ್ಮಾ, ಮಸಿ ಹಿಡೀಬೇಡಿ ಅಂತ ನಾವೆಲ್ಲಿ ಹೇಳಿದೀವಿ? ಹಿಡಿದು ಇಟ್ಕೋಬೇಡಿ ಅಂದ್ವಿ, ಅಷ್ಟೇ."

"ಮತ್ತೆ ಹಿಡಿದದ್ದನ್ನ ಎಲ್ಲಿ ಹಾಕೋದು ಸ್ವಾಮಿ?"

"ಅದು ಕಸದ ವಿಭಾಗ. ನಮ್ಮದು ಹೊಗೆ."

ಕಸದ ವಿಭಾಗ ಕೆಳಗಿನ ಮಹಡಿಯಲ್ಲಿದೆ. ಅಲ್ಲಿಯವರು, ಹೊಗೆಯಿಂದ ಬಂದದ್ದಾದರೆ ಮೇಲಿನ ಮಹಡಿಯಲ್ಲಿ ವಿಚಾರಿಸಿ ಎಂದರು. ಮೆಟ್ಟಿಲು ಹತ್ತಿ ಇಳಿದು ಮಾಡುವಷ್ಟರಲ್ಲಿ ಊಟದ ಹೊತ್ತಾಯಿತು.

ಕಾರ್ಖಾನೆಗೆ ಬೀಗ ಹಾಕಿ ಎಂದು ನಾನು ಕೇಳುತ್ತಿಲ್ಲ. ಇಪ್ಪತ್ತೆರಡು ಜನ ಆ ಬೆಂಕಿಯನ್ನು ನಂಬಿ ಬದುಕುತ್ತಾರೆ, ಅದರಲ್ಲಿ ನನ್ನ ಅಣ್ಣನೂ ಒಬ್ಬ. ಬೀಗಕ್ಕೆ ಹೆದರಿದ ಮಾಲೀಕರು ಬುಧವಾರ ಬೆಳಿಗ್ಗೆ ಕೊಡೆ ಇಳಿಸಲು ಹೇಳಿದ್ದಾರೆ. ಹೇಳಿರುವುದು ಅಣ್ಣನಿಗೇ, ಏಕೆಂದರೆ ಅದರ ಬೋಲ್ಟು ಎಲ್ಲೆಲ್ಲಿದೆ ಎಂದು ಗೊತ್ತಿರುವವನು ಅವನೊಬ್ಬನೇ. ನೋಟೀಸು ಬಂದ ದಿನ ಅವನು ಅದನ್ನು ತಂದು ನನ್ನ ಹೊಲಿಗೆಯ ಮೇಲಿಟ್ಟು, "ನಿನ್ನ ಪತ್ರಕ್ಕೆ ಉತ್ತರ ಬಂದಿದೆ," ಎಂದ. ಅಷ್ಟೇ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆದ್ದರಿಂದ ಕೇಳುತ್ತಿದ್ದೇನೆ. ಬುಧವಾರದೊಳಗೆ ಆ ನೋಟೀಸನ್ನು ಹಿಂತೆಗೆದುಕೊಳ್ಳಿ. ನಕ್ಷೆಯಲ್ಲಿ ಕೊಡೆ ಇಲ್ಲದಿದ್ದರೆ ಬರೆಸಿಕೊಳ್ಳಿ, ಬರೆದುಕೊಡಲು ತಗಡಿನ ಕೆಲಸದವನು ಸಿದ್ಧನಿದ್ದಾನೆ. ಮಸಿ ಯಾವ ಮಹಡಿಗೆ ಸೇರಿದ್ದೆಂದು ತಮ್ಮತಮ್ಮಲ್ಲೇ ತೀರ್ಮಾನಿಸಿ ಒಂದು ಜಾಗ ತೋರಿಸಿ, ಅಲ್ಲಿಗೆ ನಾವೇ ಹೊತ್ತು ತರುತ್ತೇವೆ. ತಪಾಸಣೆ ಮಾಡುವುದಾದರೆ ಬೆಂಕಿಯಿರುವ ದಿನ ಮಾಡಿ. ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ತಮ್ಮ ಒಂದು ಸಹಿ ಸಾಕು.

ಒಂದು ಮಾತು ಉಳಿದಿದೆ. ಕಚೇರಿಯಿಂದ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. "ಏನಂದ್ರೇ ಸಾಹೇಬ್ರು?" ಎಂದು ಕೇಳಿದರು. ಕೇಳುವಾಗ ಆ ಮಡಚದ ಬೆರಳುಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು. ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಕೊಡೆ ಇರಲಿ ಅಂದ್ರು ಅತ್ತೆ. ಒಳ್ಳೇ ಕೆಲಸ ಮಾಡಿದೀರಿ ಅಂದ್ರು," ಎಂದೆ. "ನೋಡಿದ್ಯಾ, ದೊಡ್ಡವರಿಗೆ ಹೇಳಿದ್ರೆ ಅರ್ಥ ಮಾಡ್ಕೋತಾರೆ," ಎಂದು ಎದ್ದು ಒಳಗೆ ಹೋದರು. ಈ ಮನೆಗೆ ಬಂದ ಮೇಲೆ ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಇದು. ಗುರುವಾರ ಮಧ್ಯಾಹ್ನ ಎರಡರವರೆಗೆ ಅದು ಬಾಳುತ್ತದೆ. ಅಷ್ಟರೊಳಗೆ ಅದನ್ನು ನಿಜ ಮಾಡುವುದು ತಮ್ಮ ಕೈಯಲ್ಲಿದೆ.

ಇಂತಿ,
ಒಂದು ಪತ್ರ ಬರೆದು ಕೆಟ್ಟ ಮೇಲೂ ಬುದ್ಧಿ ಬಾರದೆ ಇನ್ನೊಂದು ಬರೆದಿರುವ,
ಕುಲುಮೆಯ ಹಿಂದಿನ ಮನೆಯ ಹಾಸಿಗೆಯವಳು