ಹಗ್ಗ ಎಳೆಯುವ ಬಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಮರಿ,

ಬಯ್ಯಬೇಡ. ನಿನ್ನ ಎರಡು ಪತ್ರಗಳೂ ಬಂದಿವೆ, ಉತ್ತರ ಬರೆಯದೆ ಕೂತವಳು ನಾನೇ. ಅಲ್ಲಿ ಚಳಿ ಜಾಸ್ತಿ ಅಂತೀಯ, ಕಿವಿ ಮುಚ್ಚಿಕೊಂಡು ಓಡಾಡು. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ. ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತೇನೆಂದು ಹೊರಟು ಇಡೀ ಮನೆಯ ನೀರು ನಿಲ್ಲಿಸಿಬಿಟ್ಟರು. ಕೊನೆಗೆ ಪ್ಲಂಬರ್ ಬಂದು, ನಕ್ಕು, ಸರಿಮಾಡಿ ಹೋದ. ನಿನಗೆ ಹೇಳಬೇಡ ಎಂದಿದ್ದಾರೆ, ಅದಕ್ಕೇ ಮೊದಲು ಹೇಳಿದೆ.

ಇನ್ನು ತಡವಾದ ಕಾರಣ. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರನ್ನು ನಾನು ನೋವಿನ ಜಾಗದಿಂದಲೇ ಕರೆಯುವುದು ನಿನಗೆ ಗೊತ್ತಲ್ಲ. ಮೊಣಕಾಲು ಮೇಷ್ಟ್ರು, ಸೊಂಟದ ಟೈಲರ್, ಹಾಗೆ. ಒಂದು ತಿಂಗಳ ಹಿಂದೆ ಭುಜದ ಸಾಹೇಬರು ಬಂದರು. ವಯಸ್ಸು ಐವತ್ತರ ಆಸುಪಾಸು, ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಒಳ್ಳೆಯ ಮನುಷ್ಯ ಮರಿ, ಅದೇ ನನ್ನ ಕಷ್ಟ. ತಮ್ಮ ಸರದಿ ಬಂದರೂ ಸೊಂಟದ ಟೈಲರನ್ನು ಮೊದಲು ಒಳಗೆ ಕಳಿಸುತ್ತಾರೆ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿ ಕಳಿಸಬೇಕಲ್ಲ ಎಂದು ನಾಚಿಕೊಳ್ಳುತ್ತಾರೆ. ಕೆಲಸ ಏನೆಂದರೆ, "ಸರ್ಕಾರಿ ಕಚೇರೀಲಿ, ಭಾರ ಎತ್ತೋದು" ಎಂದರು. ಗೋದಾಮು ಇರಬೇಕು ಅಂದುಕೊಂಡೆ.

ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳಿದೆ, "ಕೆಲಸದಲ್ಲಿ ಕೈ ಹೇಗೆ ಆಡುತ್ತೆ, ಮಾಡಿ ತೋರಿಸಿ." ಬಾಗಿಲ ಮೇಲಿನ ಕೊಕ್ಕೆಗೆ ವ್ಯಾಯಾಮದ ಹಗ್ಗ ಹಾಕಿದ್ದೇನಲ್ಲ, ಅದನ್ನು ಹಿಡಿದು ಮುಖ ಕಿವುಚಿಕೊಂಡು ತೋರಿಸಿದರು. ಕೆಳಕ್ಕೆ ಎಳೆಯುವುದು, ಹಿಡಿದು ನಿಲ್ಲುವುದು, ಥಟ್ಟನೆ ಬಿಡುವುದು. ನನಗೆ ರೇಗಿತು. "ಅಯ್ಯೋ, ಹೀಗೆ ಎಳೆದರೆ ಭುಜ ಉಳಿಯುತ್ತಾ? ಒಂದು ಕಾಲು ಮುಂದೆ ಇಡಿ. ಮಂಡಿ ಸಡಿಲ ಬಿಡಿ. ಭಾರಾನ ಸೊಂಟದಿಂದ ತಗೊಳ್ಳಿ. ಬಿಡುವಾಗ ನಿಧಾನ ಇಳಿಸಿ." ಅವರಿಗೆ ಬರುವವರೆಗೂ ಬಿಡಲಿಲ್ಲ. ನಾನೇ ಹಗ್ಗ ಹಿಡಿದು ತೋರಿಸಿದೆ.

ಮುಂದಿನ ವಾರ ಮುಖ ಅರಳಿಸಿಕೊಂಡು ಬಂದರು. "ಡಾಕ್ಟ್ರಮ್ಮ, ನೀವು ಹೇಳಿದ ಹಾಗೇ ಮಾಡಿದೆ. ಸಂಜೆ ತನಕ ಎಳೆದ್ರೂ ಅಷ್ಟು ನೋವಿಲ್ಲ. ನಮ್ಮ ಜೊತೆಯವರಿಗೂ ಹೇಳಿಕೊಟ್ಟೆ." ನನಗೆ ಎಷ್ಟು ಖುಷಿಯಾಯಿತೆಂದರೆ ಇಬ್ಬರಿಗೂ ಚಹಾ ತರಿಸಿದೆ.

ಚಹಾ ಕುಡಿಯುತ್ತಿರುವಾಗಲೇ ಟಿವಿಯಲ್ಲಿ ನೀನು ಬಂದೆ. ನಾನು ಕೊಡಿಸಿದ ನೀಲಿ ಕೋಟು ಹಾಕಿ, ಅಲ್ಲಿನ ಸಭೆಯಲ್ಲಿ ನಮ್ಮ ಸರ್ಕಾರದ ಪರವಾಗಿ ಮಾತಾಡುತ್ತಿದ್ದೆ. ಬೇರೊಂದು ದೇಶದ ಜೈಲುಗಳಲ್ಲಿ ಚಿತ್ರಹಿಂಸೆ ನಡೆಯುತ್ತಿದೆ, ಅದನ್ನು ಯಾವ ಕಾರಣಕ್ಕೂ ಒಪ್ಪಲಾಗದು, ನಮ್ಮಂಥ ಪ್ರಜಾಪ್ರಭುತ್ವದಲ್ಲಿ ಕೈದಿಯ ಮೇಲೆ ಯಾರೂ ಕೈ ಮಾಡುವಂತಿಲ್ಲ ಎಂದೆ. ಎಷ್ಟು ಚೆನ್ನಾಗಿ ಹೇಳಿದೆ! ಇವಳು ನನ್ನ ಮಗಳು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಸಾಹೇಬರು ನಕ್ಕರು. ಕುಹಕದ ನಗು ಅಲ್ಲ. ಚಿಕ್ಕ ಮಕ್ಕಳು ದೊಡ್ಡ ಮಾತಾಡಿದಾಗ ನಗುತ್ತೇವಲ್ಲ, ಹಾಗೆ.

"ಯಾಕೆ ನಗ್ತೀರಿ?" ಎಂದೆ.

"ಏನಿಲ್ಲ ಬಿಡಿ."

"ಅಲ್ಲ, ನೀವು ಹಗ್ಗದಲ್ಲಿ ಎತ್ತೋದು ಏನನ್ನ?"

ಲೋಟ ಕೆಳಗಿಟ್ಟರು. "ಜನಾನ" ಎಂದರು.

ಕೈ ಹಿಂದಕ್ಕೆ ಕಟ್ಟಿ, ಆ ಕಟ್ಟಿಗೆ ಹಗ್ಗ ಹಾಕಿ ಎತ್ತುತ್ತಾರಂತೆ. ಆಮೇಲೆ ಭುಜಕ್ಕೆ ಏನಾಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿಧಾನ ಇಳಿಸಿ ಎಂದಿದ್ದೆನಲ್ಲ, ಅದರಿಂದ ಹಗ್ಗದ ಆ ತುದಿಯವನಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಯೋಚಿಸುತ್ತ ಕೂರುತ್ತೇನೆ. ತಲೆ ಕೆಟ್ಟು ಹೋಗುತ್ತದೆ. ನನ್ನ ಮುಖ ನೋಡಿ ಸಾಹೇಬರೇ ಗಾಬರಿಯಾದರು. "ಜನವರೀಲಿ ರೈಲು ನಿಲ್ದಾಣದಲ್ಲಿ ಬಾಂಬಿನ ಚೀಲ ಸಿಕ್ತಲ್ಲ, ಸುಮ್ನೆ ಸಿಕ್ತಾ ಡಾಕ್ಟ್ರಮ್ಮ?" ಎಂದರು.

ಆ ಚೀಲ ಸಿಕ್ಕಿದ್ದು ನಿಮ್ಮಪ್ಪ ದಿನಾ ಪೇಪರ್ ಓದುತ್ತಾ ಕೂರುವ ಬೆಂಚಿನ ಕೆಳಗೆ.

ಮಾರನೆಯ ಬೆಳಿಗ್ಗೆ ತಿಂಡಿ ಹೊತ್ತಿಗೆ ಅವರಿಗೆ ಎಲ್ಲ ಹೇಳಿದೆ. "ಅದು ಸಿಗದೇ ಇದ್ದಿದ್ರೆ ಇವತ್ತು ನೀನು ಯಾರ ಹತ್ರ ಕೂತು ಇದನ್ನ ಹೇಳ್ತಿದ್ದೆ?" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಅದನ್ನು ಮುಟ್ಟದೆ ತಟ್ಟೆ ಸರಿಸಿ, "ಹಾಗಾದ್ರೆ ನಮ್ಮ ಮಗಳು ಅಲ್ಲಿ ಹೋಗಿ ಹೇಳ್ತಿರೋದೇನು?" ಎಂದು ನನ್ನನ್ನೇ ಕೇಳಿದರು. ಅವರ ಜೀವ ಉಳಿದದ್ದಕ್ಕೆ ನನಗೆ ಸಂತೋಷವಿದೆ, ಮರಿ. ಆ ಸಂತೋಷ ಪಡಲು ಭಯವಾಗುತ್ತದೆ.

ಮೊನ್ನೆ ಸಾಹೇಬರು ಬಂದಾಗ ನೇರವಾಗಿ ಕೇಳಿದೆ, ಹಗ್ಗದಿಂದಲೇ ಚೀಲ ಸಿಕ್ಕಿತಾ ಎಂದು. ಅವರು ತಲೆ ಕೆರೆದುಕೊಂಡರು. "ಹಿಡಿದು ತಂದಿದ್ದವನು ಎತ್ತೋಕೆ ಮುಂಚೇನೇ ನಿಲ್ದಾಣ ಅಂದಿದ್ದ. ನಾವು ನಂಬಲಿಲ್ಲ. ಎತ್ತಿದ ಮೇಲೆ ನಿಲ್ದಾಣ, ಆಸ್ಪತ್ರೆ, ಮಾರ್ಕೆಟ್ಟು, ಬಾಯಿಗೆ ಬಂದಿದ್ದೆಲ್ಲ ಅಂದ. ಎಲ್ಲ ಕಡೆ ಹುಡುಕಿದ್ವಿ. ಹಗ್ಗದಿಂದ ಸಿಕ್ತಾ ಇಲ್ವಾ ಅಂತ ನಮ್ಮಲ್ಲೇ ಇನ್ನೂ ಜಗಳ ನಡೀತಿದೆ." ಮತ್ತೆ ಅಂಗಿ ಬಿಚ್ಚಿ ಮಂಚದ ಮೇಲೆ ಕೂತರು. ನಾನು ಮಾಮೂಲಿನಂತೆ ಭುಜ ಒತ್ತಿದೆ. ಕೈ ತಾನಾಗಿ ಕೆಲಸ ಮಾಡಿತು.

ಮಂಗಳವಾರ ಮತ್ತೆ ಬರುತ್ತಾರೆ. ಇನ್ನೆರಡು ಸಲ ಬಂದರೆ ಕೈ ಪೂರ್ತಿ ಮೇಲೇಳುತ್ತದೆ. ಬೇಡ, ಬರಬೇಡಿ ಎನ್ನಲೇ? ನೋವು ಎಂದು ಬಂದವರನ್ನು ನಾನು ಯಾವತ್ತೂ ವಾಪಸ್ ಕಳಿಸಿಲ್ಲ. ವಾಸಿ ಮಾಡಿದರೆ ಆ ಕೈ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತು. ನಿಮ್ಮಪ್ಪ ಬೆಳಿಗ್ಗೆ ವಾಪಸ್ ಕಳಿಸು ಅನ್ನುತ್ತಾರೆ, ಸಂಜೆ ಪಾಪ ಅನ್ನುತ್ತಾರೆ. ಪಾಪ ಯಾರು ಎಂದು ಕೇಳಿದರೆ ಪೇಪರ್ ಬಿಡಿಸಿಕೊಳ್ಳುತ್ತಾರೆ. ಓದಿದವಳು ನೀನು, ಇದೇ ವಿಷಯ ಓದಿದವಳು. ನನಗೆ ದಾರಿ ಹೇಳು.

ನಿನಗೆ ಒಳ್ಳೆಯದಾಗಲಿ. ನಿದ್ದೆ ಕೆಡಿಸಿಕೊಳ್ಳಬೇಡ. ನೀನು ಆಡುವ ಮಾತು ನಿನ್ನನ್ನು ಕಾಯಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೊನ್ನೆ ಸಾಹೇಬರು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು, "ಅವತ್ತು ಟಿವೀಲಿ ಬಂದ್ರಲ್ಲ ಆ ಮೇಡಂ, ವಿದೇಶಕ್ಕೆ ಹೋಗೋ ಮುಂಚೆ ನಮ್ಮ ಕಚೇರಿಗೆ ಬಂದಿದ್ರು. ಒಳಗಿನ ರೂಮು ನೋಡ್ತೀರಾ ಅಂತ ನಾನೇ ಕೇಳಿದೆ. ಬೇಡ, ನೋಡಿದ್ರೆ ಅಲ್ಲಿ ಹೋಗಿ ಮಾತಾಡೋದು ಕಷ್ಟ ಆಗುತ್ತೆ ಅಂದ್ರು. ಒಳ್ಳೇ ಹುಡುಗಿ." ಅವರಿಗೆ ನೀನು ಯಾರೆಂದು ನಾನು ಹೇಳಲಿಲ್ಲ. ಅದು ನೀನಲ್ಲ, ಬೇರೆ ಯಾರೋ ಎಂದು ಒಂದು ಸಾಲು ಬರೆ. ಮುಂದೆ "ಸುಳ್ಳಾದರೂ ಸಾಕು" ಎಂದು ಬರೆದಿದ್ದೆ, ಅದನ್ನು ಹೊಡೆದು ಹಾಕಿದ್ದೇನೆ. ಸಾಕಾಗುವುದಿಲ್ಲ, ಮರಿ.